ಪದಚರ್ಚೆ: ‘ನೀತಿತಜ್ಞ’ ಸರಿಯೇ? (ತುರ್ತು)

ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾದ ಪುಟ. ಎಸ್. ಐ. ಹಯಕವ ಅವರ ಪರಿಚಯವನ್ನು ಅನುವಾದಿಸುತ್ತಿದ್ದೇನೆ. ಶಬ್ದಾರ್ಥಶಾಸ್ತ್ರದ ಪ್ರಾಧ್ಯಾಪಕರು, 1977ರಿಂದ 1983ರವರೆಗೆ ಕ್ಯಾಲಿಫೋರ್ನಿಯಾದ ಸೆನೆಟರ್ (ಅಮೆರಿಕದ ಸಂಸತ್ತಿನ ಮೇಲ್ಮನೆಯ ಸದಸ್ಯ). ವಲಸೆ, ಭಾಷೆ, ಶಿಕ್ಷಣ ಈ ಮೂರರ ಪಾಲಿಸಿ ಬಲ್ಲವರೆಂದು ಮೂಲದಲ್ಲಿದೆ. ‘ನೀತಿತಜ್ಞ ಶಾಸಕ’ ಎಂದು ಬರೆದೆ. ಕರಡು ತಿದ್ದುವವರು ‘ಇವರೇನು ಮಕ್ಕಳಿಗೆ ನೀತಿಪಾಠ ಹೇಳುತ್ತಿದ್ದರೇ?’ ಎಂದರು. ‘ಧೋರಣಾತಜ್ಞ’ ಇನ್ನೂ ವಿಕಾರ. ಬೈಲಿಂಗ್ವಲ್ ಎಜುಕೇಷನ್‌ಗೆ ‘ದ್ವಿಭಾಷಾ ಶಿಕ್ಷಣ’ ನಡೆಯುತ್ತದಲ್ಲವೇ? ಬಲ್ಲವರು ಬೇಗ ತಿಳಿಸಿ.

ಮರು:
‘ನೀತಿ’, ‘ತಜ್ಞ’ ಎರಡೂ ಸಂಸ್ಕೃತದ ಎರವಲು. ‘ನುಡಿಯರಿಗ’ ಇರುವಾಗ ‘ಭಾಷಾತಜ್ಞ’ ಏಕೆ? ಅದೇ ಜಾಡಿನಲ್ಲಿ ಪಾಲಿಸಿಗೆ ‘ಆಳ್ನಡೆ’ (ಆಳ್ವಿಕೆಯ ನಡೆ), ಬಲ್ಲವನಿಗೆ ‘ಆಳ್ನಡೆಯರಿಗ’. ಮೊದಮೊದಲು ಕಿವಿಗೆ ಒರಟು, ಬಳಸಿದರೆ ಪಳಗುತ್ತದೆ.

ಮರು:
ಕೂಲಿಯಾಳುಗಳ ನಡಿಗೆ ಬಲ್ಲವನು ಎಂದು ಓದಿಕೊಂಡಾರು. ಬಿಡಿ.

‘ನೀತಿ’ಯ ಧಾತು ‘ನೀ’, ಎಂದರೆ ಒಯ್ಯು, ನಡೆಸು. ನಯ, ನಾಯಕ, ನೇತಾರ ಹುಟ್ಟಿದ್ದೂ ಅಲ್ಲಿಂದಲೇ. ರಾಜನೀತಿ, ದಂಡನೀತಿ ಎಂದಾಗ ಯಾರಿಗೂ ಸದಾಚಾರ ನೆನಪಾಗುವುದಿಲ್ಲ. ತೊಡಕಿರುವುದು ಒಂಟಿ ‘ನೀತಿ’ಯಲ್ಲಿ. ಭಾಷಾನೀತಿ, ಶಿಕ್ಷಣನೀತಿ, ವಲಸೆನೀತಿ ಎಂದು ಬಿಡಿಸಿ ಬರೆದರೆ ನೀತಿಪಾಠ ತಾನಾಗಿ ಸರಿಯುತ್ತದೆ. ‘ಶಾಸಕ’ವೂ ಬೇಡ, ನಮ್ಮವರಿಗೆ ವಿಧಾನಸಭೆ ಕಣ್ಣಮುಂದೆ ಬರುತ್ತದೆ. ‘ಸೆನೆಟರ್’ ಇರಲಿ.

‘ತಜ್ಞ’ನಿಗೆ ಇಷ್ಟೊಂದು ಒದ್ದಾಡುವುದೇ ಅನವಶ್ಯಕ. ಕನ್ನಡದಲ್ಲಿ ಬಿರುದಿಗಿಂತ ಕ್ರಿಯಾಪದ ಹೆಚ್ಚು ದುಡಿಯುತ್ತದೆ. ಹಯಕವ ಮಾಡಿದ್ದನ್ನು ಹೇಳಿ: ವ್ಯಾಂಕೂವರಿನಲ್ಲಿ ಜಪಾನೀ ದಂಪತಿಗೆ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದವರು, ಇಂಗ್ಲಿಷ್ ಅಧಿಕೃತ ಭಾಷೆಯಾಗಲೆಂದು 1981ರಲ್ಲಿ ಸಂವಿಧಾನ ತಿದ್ದುಪಡಿ ಮಂಡಿಸಿದವರು. ಅದು ಅಂಗೀಕಾರವಾಗಲಿಲ್ಲ. ಸೆನೆಟ್ ಬಿಟ್ಟ ಮೇಲೆ ಅದೇ ಗುರಿಗೆ 1983ರಲ್ಲಿ ಸಂಸ್ಥೆ ಕಟ್ಟಿದರು. 1986ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ರಾಜ್ಯದ ಮಟ್ಟಿಗೆ ಒಪ್ಪಿದರು. ಇಷ್ಟು ಓದಿದವನಿಗೆ ಆತ ತಜ್ಞನೋ ಹಟಮಾರಿಯೋ ಎಂಬುದು ತಾನೇ ತಿಳಿಯುತ್ತದೆ. (ನನ್ನ ಮತ ಎರಡನೆಯದಕ್ಕೆ.)

‘ದ್ವಿಭಾಷಾ ಶಿಕ್ಷಣ’ ಮಾತ್ರ ನಿಜಕ್ಕೂ ಅಪಾಯ. ನಮ್ಮಲ್ಲಿ ದ್ವಿಭಾಷಾ ಸೂತ್ರ ಎಂದರೆ ಎಷ್ಟು ಭಾಷೆ ಕಲಿಯಬೇಕೆಂಬ ಲೆಕ್ಕ. ಅಲ್ಲಿನ ಜಗಳ ಮಾಧ್ಯಮದ್ದು: ಸ್ಪ್ಯಾನಿಷ್ ಮನೆಮಾತಿನ ಮಗುವಿಗೆ ಗಣಿತವನ್ನು ಯಾವ ಭಾಷೆಯಲ್ಲಿ ಹೇಳಿಕೊಡಬೇಕು? ಇಂಗ್ಲಿಷ್ ಹಿಡಿತಕ್ಕೆ ಸಿಗುವ ತನಕ ಮನೆಮಾತಿನ ಪಾಠ ನಡೆಯಲಿ ಎಂದು ಹಯಕವರ ತಿದ್ದುಪಡಿಯೇ ವಿನಾಯಿತಿ ಕೊಟ್ಟಿತ್ತು. ಆದ್ದರಿಂದ ‘ದ್ವಿಭಾಷಾ ಮಾಧ್ಯಮ’ ಎನ್ನಿ, ಒಮ್ಮೆ ‘ಮನೆಮಾತಿನಲ್ಲೂ ಪಾಠ’ ಎಂದು ಬಿಡಿಸಿ ಹೇಳಿ.

ಮರು:
ಸಂಸ್ಕೃತ ಎರವಲಲ್ಲ, ‘ಸೆನೆಟರ್’ ಎರವಲಲ್ಲ; ಕನ್ನಡ ಬೇರಿನಿಂದ ಕಟ್ಟಿದರೆ ಮಾತ್ರ ನಗು. ಇರಲಿ. ‘ವಲಸೆ’ ನಮ್ಮದೇ, ತೆಲುಗಿನಲ್ಲೂ ‘ವಲಸ’. ಬ್ರೌನರ ತೆಲುಗು-ಇಂಗ್ಲಿಷ್ ನಿಘಂಟು ನೋಡಿ: ಶತ್ರುಭಯದಿಂದ ಊರು ಬಿಟ್ಟು ಓಡುವುದು. ಓದಲು ಹೋದ ಹಯಕವರಿಗೆ ಯಾವ ದಂಡು ಬೆನ್ನಟ್ಟಿತ್ತು?

ಮರು:
ಪದದ ಹುಟ್ಟೇ ಪದದ ಅರ್ಥವಾಗಿದ್ದರೆ ‘ಕಚೇರಿ’ಗೂ ನಾವು ಹಿಂದಿ ಕಲಿತು ಹೋಗಬೇಕಿತ್ತು. ಪದ ಬೇರೆ, ವಸ್ತು ಬೇರೆ ಎಂದು ಜೀವಮಾನವಿಡೀ ಪಾಠ ಹೇಳಿದ ಹಯಕವರ ಪರಿಚಯಕ್ಕೆ ಈ ವಾದವೇ?

ಮರು:
ಪುಟ ಕಳುಹಿಸಿದೆ. ‘ಸೆನೆಟರ್’, ‘ಭಾಷಾನೀತಿ’, ‘ದ್ವಿಭಾಷಾ ಮಾಧ್ಯಮ’ ಉಳಿದವು, ‘ತಜ್ಞ’ ಹೋಯಿತು. ಎರವಲಿನ ಜಗಳಕ್ಕೆ ದಯವಿಟ್ಟು ಬೇರೆ ಶೀರ್ಷಿಕೆ ಕೊಟ್ಟುಕೊಳ್ಳಿ.