ಪದಚರ್ಚೆ: ಸೈಕಲ್ ರೇಸಿನ ಪೆಲೊಟಾನ್ – ಗುಂಪೋ, ಹಿಂಡೋ, ಮಂದೆಯೋ?

ದಾವಣಗೆರೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಯುರೋಪಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಡೆಯುವ ಏಕದಿನ ಸೈಕಲ್ ರೇಸುಗಳ ಬಗ್ಗೆ ಇಲ್ಲಿನ ಸೈಕಲ್ ಬಳಗದ ಹುಡುಗರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಹೀಗೊಂದು ವಾಕ್ಯವಿದೆ:

“ಋತುವಿನ ಕೊನೆಯ ಸ್ಮಾರಕ ಓಟದಲ್ಲಿ ಗುಂಪಿನಿಂದ ಪರಾರಿಯಾದ ಐವರ ಗುಂಪನ್ನು ಸೇವಕರ ನೆರವಿನಿಂದ ಮುಖ್ಯ ಗುಂಪು ಏರಿನ ಬುಡದಲ್ಲಿ ಹಿಡಿಯಿತು.”

ವ್ಯಾಕರಣ ಸರಿಯಿದೆ. ಆದರೆ ಒಂದೇ ವಾಕ್ಯದಲ್ಲಿ ಮೂರು ಗುಂಪು. ‘ಪರಾರಿ’ ಅಂದರೆ ಪೊಲೀಸ್ ಸುದ್ದಿ. ಅತಿ ದೊಡ್ಡ ಏಕದಿನ ರೇಸುಗಳನ್ನು ಇಂಗ್ಲಿಷಿನಲ್ಲಿ ‘ಮಾನ್ಯುಮೆಂಟ್’ ಅನ್ನುತ್ತಾರೆ; ಅದಕ್ಕೆ ‘ಸ್ಮಾರಕ’ ಅಂದರೆ ಯಾರೋ ತೀರಿಕೊಂಡವರ ನೆನಪಿನ ರೇಸು ಎಂದು ಓದುವವರು ತಿಳಿಯುತ್ತಾರೆ. ಪೆಲೊಟಾನ್ (ರೇಸಿನ ಮುಖ್ಯ ಗುಂಪು), ಬ್ರೇಕ್‌ಅವೇ (ಅದನ್ನು ಬಿಟ್ಟು ಮುಂದೆ ಹೋಗುವುದು), ಡೊಮೆಸ್ಟಿಕ್ (ತಂಡದ ನಾಯಕನಿಗಾಗಿ ದುಡಿಯುವ ಸವಾರ), ಎಶೆಲಾನ್ (ಅಡ್ಡಗಾಳಿಗೆ ಸವಾರರು ಕಟ್ಟುವ ಸಾಲು), ಡ್ರಾಫ್ಟಿಂಗ್ (ಮುಂದಿನವನ ಹಿಂದೆ ಗಾಳಿ ತಪ್ಪಿಸಿಕೊಂಡು ಸಾಗುವುದು) ಇವುಗಳಿಗೆ ಬಾಯಲ್ಲಿ ಸಲೀಸಾಗಿ ಆಡುವ ಕನ್ನಡ ಪದ ಬೇಕು. ಯಾವುದನ್ನು ಹಾಗೇ ಬಿಡಬೇಕು ಅನ್ನುವುದನ್ನೂ ತಿಳಿದವರು ಹೇಳಿ.

ಚಿತ್ರದುರ್ಗದಿಂದ ಉತ್ತರ

ಸರ್, ನಿಮ್ಮ ವಾಕ್ಯ ಕುಂಟುತ್ತಿರುವುದು ಅದರಲ್ಲಿ ಗಾಳಿ ಇಲ್ಲದ್ದರಿಂದ. ರಸ್ತೆ ರೇಸಿನ ಮುಖ್ಯ ಪದಗಳೆಲ್ಲ ಗಾಳಿಯಿಂದ ಹುಟ್ಟಿದವು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದ ಪ್ರತಿ ಪದಕ್ಕೂ ಮೊದಲು ಕೇಳಬೇಕಾದ್ದು: ಇಲ್ಲಿ ಗಾಳಿ ಯಾರ ಮೈಗೆ ಬಡಿಯುತ್ತಿದೆ, ಯಾರು ತಪ್ಪಿಸಿಕೊಂಡಿದ್ದಾರೆ?

ಡ್ರಾಫ್ಟಿಂಗ್‌ಗೆ ನಮ್ಮಲ್ಲಿ ಸಿದ್ಧವಾಗಿಯೇ ಇರುವ ಪದ ‘ಮರೆ’. ದೀಪಕ್ಕೆ ಕೈ ಮರೆ ಮಾಡುತ್ತೇವೆ, ಕುರಿ ಕಾಯುವವರು ಬಂಡೆಯ ಮರೆಗೆ ಕಂಬಳಿ ಹೊದ್ದು ಕೂರುತ್ತಾರೆ. ಮುಂದಿನವನ ಹಿಂಚಕ್ರಕ್ಕೆ ಒಂದು ಗೇಣು, ಒಂದು ಮೊಳ ಅಂತರದಲ್ಲಿ ಮುಂಚಕ್ರ ಇಟ್ಟುಕೊಂಡು ಹೋಗುವುದೂ ಅದೇ ಕೆಲಸ. ‘ಗಾಳಿಮರೆ’, ‘ಮರೆ ಹಿಡಿ’, ‘ಮರೆ ತಪ್ಪಿತು’, ‘ಮರೆ ಕೊಟ್ಟ’, ಎಲ್ಲವೂ ತಾನಾಗಿ ಬರುತ್ತವೆ. ಮರೆಯಲ್ಲೇ ಕೂತು ಒಮ್ಮೆಯೂ ಮುಂದೆ ಬಾರದವನಿಗೆ ಫ್ರೆಂಚಿನಲ್ಲಿ ‘ಚಕ್ರ ಚೀಪುವವನು’ ಎಂಬ ಬೈಗುಳವಿದೆ. ಮೈಗಳ್ಳ, ಕೆಲಸಗಳ್ಳ ಇರುವ ನಮ್ಮ ನುಡಿಗೆ ‘ಮರೆಗಳ್ಳ’ ಕೂಡಿಸಲು ಯಾರ ಅಪ್ಪಣೆಯೂ ಬೇಡ.

ಇನ್ನು ಪೆಲೊಟಾನ್. ಫ್ರೆಂಚಿನಲ್ಲಿ ಇದರ ಮೂಲಾರ್ಥ ಸಣ್ಣ ಉಂಡೆ, ನೂಲಿನ ಉಂಡೆಯಂಥದ್ದು. ಅಲ್ಲಿಂದ ಸೈನಿಕರ ತುಕಡಿಗೆ, ತುಕಡಿಯಿಂದ ಸೈಕಲ್ಲಿಗೆ ಬಂತು. ಇಟಲಿಯವರು ಬರೀ ‘ಗ್ರುಪ್ಪೊ’ ಅನ್ನುತ್ತಾರೆ. ನಾವು ‘ಗುಂಪು’ ಅಂದರೆ ಮುಂದೆ ಹೋದ ಐವರೂ ಗುಂಪೇ, ಹಿಂದೆ ಉಳಿದ ಎಂಟು ಜನರೂ ಗುಂಪೇ. ಪೆಲೊಟಾನ್ ಒಂದೇ ಇರುತ್ತದೆ. ಒಳಗಿರುವವರು ಒಬ್ಬರಿಗೊಬ್ಬರು ಮರೆಯಾಗುವುದು ಅದರ ಗುಣ. 121 ಸವಾರರ ಪೆಲೊಟಾನ್ ಮಾದರಿ ಇಟ್ಟುಕೊಂಡು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂಭಾಗದ ನಡುವೆ ಇರುವವನಿಗೆ ತಗಲುವ ಗಾಳಿಯ ತಡೆ ಒಂಟಿ ಸವಾರನಿಗೆ ತಗಲುವುದರ ಶೇ. 5ರಿಂದ 10ರಷ್ಟು ಮಾತ್ರ ಎಂದು ಕಂಡಿತು. ಅಷ್ಟು ಒತ್ತಾಗಿ, ಒಟ್ಟಾಗಿ ಸಾಗುವುದಕ್ಕೆ ‘ಹಿಂಡು’ ಅನ್ನದೆ ಬೇರೇನು ಅನ್ನುವುದು?

‘ಮಂದೆ’ ಬೇಡ. ನಮ್ಮ ಕಡೆ ಹೊಲಕ್ಕೆ ಗೊಬ್ಬರವಾಗಲೆಂದು ರಾತ್ರಿ ಕುರಿ ಮಂದೆ ನಿಲ್ಲಿಸುತ್ತಾರೆ. ಮಂದೆ ಅಂದಕೂಡಲೆ ನಿಂತ ಕುರಿ ಕಣ್ಣಿಗೆ ಬರುತ್ತದೆ. ಹಿಂಡು ಸಾಗುತ್ತದೆ. ಚಳ್ಳಕೆರೆ ರಸ್ತೆಯಲ್ಲಿ ಕುರಿಹಿಂಡು ಎದುರಾದಾಗ ಗಮನಿಸಿ: ದಾರಿ ಅಗಲವಿದ್ದರೆ ಹರಡಿಕೊಳ್ಳುತ್ತದೆ, ಸೇತುವೆ ಬಂದರೆ ಉದ್ದವಾಗುತ್ತದೆ, ಮುಂದಿನದು ಬೆದರಿದರೆ ಆ ಅಲೆ ಹಿಂದಿನವರೆಗೆ ಹೋಗುತ್ತದೆ. ರೇಸಿನಲ್ಲೂ ಹೀಗೇ. ಮುಂದಿನವರು ತಿರುವಿನಲ್ಲಿ ಚೂರು ಬ್ರೇಕ್ ಹಿಡಿದರೆ ನೂರನೆಯವನು ಹೆಚ್ಚುಕಡಿಮೆ ನಿಂತೇ ಬಿಡುತ್ತಾನೆ. ಆಮೇಲೆ ಅವನು ಎದ್ದು ನಿಂತು ತುಳಿದು ಹಿಡಿಯಬೇಕು. ಅಂಥ ನೂರು ತಿರುವು ಕಳೆದ ಮೇಲೆ ಕಾಲಲ್ಲಿ ಏನೂ ಉಳಿದಿರುವುದಿಲ್ಲ. ಹಿಂಡಿನ ಬಾಲದಲ್ಲಿ ಇರಬೇಡಿ ಎಂದು ಕಲಿಸುವವರು ಹೇಳುವುದು ಇದಕ್ಕೇ.

ಬ್ರೇಕ್‌ಅವೇಗೆ ಎರಡು ಪದ ಬೇಕು, ಒಂದು ಕ್ರಿಯೆಗೆ, ಒಂದು ಜನಕ್ಕೆ. ಹೋರಿ ಗೂಟ ಕಿತ್ತುಕೊಂಡು ಓಡಿತು ಅನ್ನುತ್ತೇವಲ್ಲ, ಹಾಗೆ ‘ಹಿಂಡಿನಿಂದ ಕಿತ್ತುಕೊಂಡು ಹೋದರು’. ಹೋದ ಐವರು ‘ಮುಂಗುಂಪು’. ಮುಂಗುಂಪಿನೊಳಗೆ ಒಬ್ಬೊಬ್ಬರೂ ಸರದಿಯಂತೆ ಗಾಳಿಗೆ ಎದೆಯೊಡ್ಡುತ್ತಾರೆ, ಅರ್ಧ ನಿಮಿಷಕ್ಕೂ ಕಡಿಮೆ. ಇದಕ್ಕೆ ನಿಮ್ಮ ದಾವಣಗೆರೆಯ ಹತ್ತಿ ಗಿರಣಿಗಳ ‘ಪಾಳಿ’ಯೇ ಸರಿಹೊಂದುತ್ತದೆ: ‘ಪಾಳಿ ಮಾಡಿದ’, ‘ಪಾಳಿ ತಪ್ಪಿಸಿದ’. ತನ್ನ ಪಾಳಿ ಬಂದಾಗ ಹುಮ್ಮಸ್ಸಿನಿಂದ ವೇಗ ಏರಿಸುವುದು ಹೊಸಬರ ತಪ್ಪು. ಆಗ ಈಗಷ್ಟೇ ಪಾಳಿ ಮುಗಿಸಿ ಹಿಂದಕ್ಕೆ ಬರುತ್ತಿರುವವನಿಗೆ ಬಾಲ ಸಿಗದೆ ಮರೆ ತಪ್ಪುತ್ತದೆ. ಮೊದಲಿನ ವೇಗವನ್ನೇ ಉಳಿಸಿಕೊಂಡು, ಮುಗಿಸಿದವನು ಚೂರು ನಿಧಾನವಾಗಬೇಕು.

ಎಶೆಲಾನ್ ಎಲ್ಲಕ್ಕಿಂತ ಸ್ವಾರಸ್ಯದ್ದು, ಎಲ್ಲಕ್ಕಿಂತ ತಪ್ಪಾಗಿ ಬರೆಯುವಂಥದ್ದೂ ಹೌದು. ಇದು ಅಡ್ಡಗಾಳಿಯ ಪದ. ಡಚ್, ಸ್ಪ್ಯಾನಿಶ್, ಇಟಾಲಿಯನ್ ಮೂರರಲ್ಲೂ ಇದಕ್ಕೆ ಹೇಳುವುದು ‘ಬೀಸಣಿಗೆ’ ಎಂದೇ. ಆದರೆ ನಾವು ಬೀಸಣಿಗೆ ಎಂದರೆ ಓದುಗ ಸೆಕೆಯನ್ನು ನೆನೆಯುತ್ತಾನೆ. ‘ಓರೆಸಾಲು’ ಅನ್ನಿ, ಆಕಾರವೇ ಪದದಲ್ಲಿ ಕಾಣುತ್ತದೆ.

ನಮ್ಮ ರಸ್ತೆಯ ಮೇಲೆ ಇಟ್ಟು ನೋಡಿ. ಆಷಾಢದಲ್ಲಿ ದಾವಣಗೆರೆಯಿಂದ ದುರ್ಗಕ್ಕೆ ಹೊರಟರೆ ಮುಖ ಆಗ್ನೇಯಕ್ಕೆ; ನೈಋತ್ಯದ ಗಾಳಿ ಬಲಗಡೆಯಿಂದ ಅಡ್ಡ ಬಡಿಯುತ್ತದೆ. ಆಗ ಮರೆ ಸಿಗುವುದು ಮುಂದಿನವನ ನೇರ ಹಿಂದೆ ಅಲ್ಲ, ಹಿಂದೆ ಎಡಕ್ಕೆ. ಮೊದಲನೆಯವನು ರಸ್ತೆಯ ಬಲ ಅಂಚಿಗೆ, ಎರಡನೆಯವನು ಅವನ ಎಡ ಹಿಂದೆ, ಮೂರನೆಯವನು ಇನ್ನೂ ಎಡಕ್ಕೆ, ಹೀಗೆ ಓರೆಯಾಗಿ ಸಾಲು ನಿಲ್ಲುತ್ತದೆ. ಪಾಳಿ ಮುಗಿದವನು ಗಾಳಿ ಬರುವ ಬದಿಗೇ, ಅಂದರೆ ಬಲಕ್ಕೆ, ಸರಿದು ಹಿಂದಕ್ಕೆ ಇಳಿಯಬೇಕು. ಇಳಿಯುವಾಗಲೂ ಅವನ ಮೈ ಉಳಿದವರಿಗೆ ಮರೆ. ಎಡಕ್ಕೆ ಸರಿದರೆ ಹಿಂದಿನವನ ಮುಂಚಕ್ರಕ್ಕೆ ತಗುಲಿ ಇಬ್ಬರೂ ಬೀಳುತ್ತಾರೆ. 6 ಮೀಟರ್ ಅಗಲದ ರಸ್ತೆಯಲ್ಲಿ ಇಂಥ ಸಾಲಿಗೆ ಹತ್ತು ಹನ್ನೆರಡು ಜನ ಹಿಡಿದರೆ ಹೆಚ್ಚು. ಹದಿಮೂರನೆಯವನಿಗೆ ರಸ್ತೆಯೇ ಇಲ್ಲ. ಅವನು ಎಡ ಅಂಚಿನ ಮಣ್ಣಿಗೆ ಒತ್ತಿಕೊಂಡು ಮರೆಯಿಲ್ಲದೆ ಒದ್ದಾಡುತ್ತಾನೆ, ಅವನ ಮುಂದೆ ಸಂದು ಬೀಳುತ್ತದೆ. ಅಲ್ಲಿ ‘ಹಿಂಡು ಒಡೆಯಿತು’. ಅವನಿಗೆ ಆಗ ಉಳಿದ ದಾರಿ ಒಂದೇ: ಮುಂದಿನ ಸಾಲಿಗೆ ಜೋತುಬೀಳುವುದನ್ನು ಬಿಟ್ಟು, ಹಿಂದಿನವರನ್ನು ಕೂಡಿಸಿಕೊಂಡು ಎರಡನೇ ಓರೆಸಾಲು ಕಟ್ಟುವುದು. 2016ರ ಅಕ್ಟೋಬರ್‌ನಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮರುಭೂಮಿಯ ಅಡ್ಡಗಾಳಿಗೆ ಹಿಂಡು ಒಡೆದದ್ದು ಹೀಗೆಯೇ. ಗುರಿ ಇನ್ನೂ 150 ಕಿ.ಮೀ.ಗಿಂತ ದೂರವಿತ್ತು, ಹಿಂದೆ ಉಳಿದ ಸ್ಪ್ರಿಂಟರುಗಳು ಮತ್ತೆ ಮುಂದಿನವರನ್ನು ಮುಟ್ಟಲಿಲ್ಲ. ಗೆದ್ದದ್ದು ಮುಂದಿನ ಸಾಲಿನಲ್ಲಿದ್ದ ಪೀಟರ್ ಸಾಗಾನ್.

ಗಾಳಿ ಹಿಂದಿನಿಂದ ಬಂದರೆ ‘ಬೆನ್ನುಗಾಳಿ’. 2015ರ ಪ್ಯಾರಿಸ್–ಟೂರ್ ರೇಸನ್ನು ಮತ್ತೇಯೊ ಟ್ರೆಂಟಿನ್ ಗಂಟೆಗೆ 49 ಕಿ.ಮೀ. ಮೀರಿದ ಸರಾಸರಿಯಲ್ಲಿ ಮುಗಿಸಿದ್ದು ಬೆನ್ನುಗಾಳಿಯ ದಿನ. ಎದುರುಗಾಳಿ ಎಲ್ಲರಿಗೂ ಗೊತ್ತಿರುವ ಪದ, ಬಿಡಿ.

ಡೊಮೆಸ್ಟಿಕ್ ಅನ್ನು ‘ಸೇವಕ’, ‘ಆಳು’ ಎಂದು ಬರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಫ್ರೆಂಚಿನಲ್ಲಿ ಅದು ಹುಟ್ಟಿದ್ದೇ ಹೀಗಳಿಕೆಯಾಗಿ. 1911ರಲ್ಲಿ ಟೂರ್ ದ ಫ್ರಾನ್ಸ್ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಅವರು ಮೊರಿಸ್ ಬ್ರೊಕ್ಕೊ ಎಂಬ ಸವಾರನನ್ನು ಹಾಗೆ ಹಳಿದರು. ಆ ಅವಮಾನವನ್ನು ನಾವು ನೂರು ವರ್ಷದ ಮೇಲೆ ಹೊತ್ತು ತರುವುದೇಕೆ? ಇಟಲಿಯವರ ‘ಗ್ರೆಗಾರಿಯೊ’ ಲ್ಯಾಟಿನ್ನಿನ ‘ಹಿಂಡು’ ಎಂಬ ಪದದಿಂದಲೇ ಬಂದದ್ದು, ಹಿಂಡಿನವನು ಎಂದರ್ಥ. ನನ್ನ ಸಲಹೆ ‘ಒತ್ತಾಸೆಗಾರ’. ತಂಡದ ಏಳು ಜನರಲ್ಲಿ ಐದಾರು ಮಂದಿ ಇವರೇ. ಹಿಂದಿನ ಕಾರಿನವರೆಗೆ ಇಳಿದು ಬಂದು, ಜೆರ್ಸಿಯ ಬೆನ್ನಿಗೆ, ಜೇಬಿಗೆ ಅರ್ಧ ಲೀಟರಿನ ಎಂಟು ಬಾಟ್ಲಿ ತುರುಕಿಕೊಂಡರೆ 4 ಕಿಲೋ ಮೀರುತ್ತದೆ. ಸೈಕಲ್ಲಿಗೆ ನಿಯಮ ಹೇಳುವ ಕನಿಷ್ಠ ತೂಕವೇ 6.8 ಕಿಲೋ. ಆ ಭಾರ ಹೊತ್ತು ಮತ್ತೆ ಹಿಂಡು ಸೀಳಿ ಮುಂದಕ್ಕೆ ಹೋಗಬೇಕು. ಮುಂದೆ ಅಡ್ಡಗಾಳಿಯ ಬಯಲಿದೆ ಎಂದು ಗೊತ್ತಿದ್ದೂ ಆ ಹೊತ್ತಿಗೆ ನೀರಿಗೆ ಹೋದರೆ, ಬಾಟ್ಲಿ ಸಮೇತ ಹಿಂದಿನ ಓರೆಸಾಲಿನಲ್ಲಿ ಸಿಕ್ಕಿಕೊಳ್ಳುತ್ತಾನೆ, ಮುಂದೆ ನಾಯಕ ಬಾಯಾರಿ ಕೂರುತ್ತಾನೆ. ನಾಯಕನ ಚಕ್ರ ಪಂಚರ್ ಆಗಿ ಕಾರು ದೂರವಿದ್ದರೆ ತನ್ನ ಚಕ್ರವನ್ನೇ ಬಿಚ್ಚಿ ಕೊಡುವವನೂ ಇವನೇ.

ದಾರಿಬದಿಯಲ್ಲಿ ಊಟ ತುಂಬಿ ಕೈಗೆ ಕೊಡುವ ಮ್ಯೂಸೆಟ್ ಚೀಲ ಹೆಗಲಿಗೆ ಹಾಕುವ ಬಟ್ಟೆಯ ಚೀಲ. ಅದಕ್ಕೆ ‘ಜೋಳಿಗೆ’ ಬಿಟ್ಟು ಇನ್ನೊಂದು ಪದ ಹುಡುಕಬೇಡಿ. ಹಿಡಿದ ಕೂಡಲೆ ಪಟ್ಟಿಯನ್ನು ತಲೆಯ ಮೇಲಿಂದ ಕೊರಳಿಗೆ ಹಾಕಿಕೊಳ್ಳಬೇಕು. ತೂಗಾಡಲು ಬಿಟ್ಟರೆ ಹ್ಯಾಂಡಲ್ಲಿಗೆ ಸುತ್ತಿಕೊಂಡು ಬೀಳಿಸುತ್ತದೆ.

ಸ್ಮಾರಕ: ದಯವಿಟ್ಟು ತೆಗೆಯಿರಿ. ಕೋಟೆ ಬಾಗಿಲಿನ ಫಲಕ ನೋಡಿ ಬೆಳೆದ ದುರ್ಗದ ಹುಡುಗರಿಗೆ ಅದರ ಅರ್ಥವೇ ಬೇರೆ. ಮಿಲಾನ್–ಸಾನ್‌ರೆಮೊ, ಫ್ಲ್ಯಾಂಡರ್ಸ್, ಪ್ಯಾರಿಸ್–ರೂಬೆ, ಲಿಯೆಜ್–ಬಾಸ್ಟೋನ್–ಲಿಯೆಜ್, ಲೊಂಬಾರ್ಡಿಯಾ ಇವು ‘ಐದು ಹಿರಿ ರೇಸುಗಳು’. ಓಟ ಕಾಲಿನದು, ಆದ್ದರಿಂದ ರೇಸು ರೇಸಾಗಿಯೇ ಇರಲಿ. ಸ್ಪ್ರಿಂಟ್, ಪಂಚರ್, ಗೇರ್ ಮುಟ್ಟಬೇಡಿ.

ಕೊನೆಗೆ ‘ಋತು’. ವಸಂತ, ಗ್ರೀಷ್ಮಗಳಿಗೆ ಋತು ಸರಿ, ಆಟದ ಸೀಸನ್ನಿಗೆ ಅಲ್ಲ. ಅಕ್ಟೋಬರ್ ರೇಸುಗಳಿಗೆ ‘ಹಿಂಗಾರಿನ ರೇಸು’ ಅಂದರೆ ತಿಂಗಳೂ ಹೊಂದುತ್ತದೆ, ನಾಲಿಗೆಗೂ ಹಿತ ಅನಿಸುತ್ತದೆ.

ದಾವಣಗೆರೆಯಿಂದ ಇನ್ನೊಬ್ಬರು

ಅಣ್ಣಾರೆ, ಓರೆಸಾಲು, ಮರೆಗಳ್ಳ ಎರಡನ್ನೂ ಇವತ್ತಿನಿಂದಲೇ ಬಳಸಬಹುದು. ಹಿಂಗಾರಿಗೆ ಮಾತ್ರ ಒಪ್ಪಿಗೆಯಿಲ್ಲ. ಹಿಂಗಾರು ಅಂದರೆ ಎರೆ ಹೊಲದಲ್ಲಿ ಕಡಲೆ, ಬಿಳಿಜೋಳ ಬಿತ್ತುವ ಕಾಲ. ರೈತರ ಮನೆಯ ಹುಡುಗ ಆ ಪದ ಕೇಳಿದರೆ ಹೊಸತೊಂದು ಶುರುವಾಯಿತು ಅಂದುಕೊಳ್ಳುತ್ತಾನೆ. ಈ ರೇಸುಗಳಿಗೆ ಸವಾರರು ಬರುವುದು ಎಂಟು ತಿಂಗಳ ದಣಿವು ಹೊತ್ತು, ಕೊನೆಯ ಬಾರಿಗೆ. ಜೊತೆಗೆ ಮಾರ್ಚ್ ತಿಂಗಳ ಮಿಲಾನ್–ಸಾನ್‌ರೆಮೊವನ್ನು ಮುಂಗಾರು ರೇಸು ಅನ್ನಲು ಬಾರದು, ಜೋಡಿ ಮುರಿಯುತ್ತದೆ. ‘ಹಂಗಾಮು’ ನಮ್ಮ ಕಡೆ ದಿನಬಳಕೆಯ ಪದ. ‘ಹಂಗಾಮಿನ ಕೊನೆಯ ರೇಸು’ ಸಾಕು.

ಲೊಂಬಾರ್ಡಿಯಾಕ್ಕೆ ಇಟಲಿಯಲ್ಲಿ ‘ಸತ್ತ ಎಲೆಗಳ ಕ್ಲಾಸಿಕ್’ ಎಂಬ ಅಡ್ಡಹೆಸರಿದೆ. ಇದನ್ನು ‘ಶಿಶಿರದ ರೇಸು’ ಎಂದು ಬರೆದದ್ದು ಕಂಡಿದೆ, ಅದು ತಪ್ಪು: ನಮ್ಮಲ್ಲಿ ಎಲೆ ಉದುರುವುದು ಮಾಘ, ಫಾಲ್ಗುಣದಲ್ಲಿ, ಅಲ್ಲಿ ಮಹಾನವಮಿಯ ಆಸುಪಾಸಿನಲ್ಲಿ. ‘ತರಗೆಲೆ ರೇಸು’ ಅನ್ನಿ, ಕಾಲದ ಗೊಂದಲವೇ ಇಲ್ಲ. 1905ರಲ್ಲಿ ಶುರುವಾದ ಈ ರೇಸನ್ನು ಫೌಸ್ಟೊ ಕೊಪ್ಪಿ ಐದು ಬಾರಿ ಗೆದ್ದಿದ್ದರು. ತಾದೇಯ್ ಪೊಗಾಚಾರ್ 2021ರಿಂದ 2025ರವರೆಗೆ ಬಿಡದೆ ಐದು ಗೆದ್ದು ಸರಿಗಟ್ಟಿದರು. ಇಳಿಜಾರಿನ ತಿರುವಿನಲ್ಲಿ ನೆನೆದ ಎಲೆ ಬಿದ್ದಿದ್ದರೆ ಸೈಕಲ್ ವಾಲಿಸಿಕೊಂಡು ಬ್ರೇಕ್ ಹಿಡಿಯುವಂತಿಲ್ಲ, ಮುಂಚಕ್ರ ಜಾರುತ್ತದೆ. ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ವೇಗ ಇಳಿಸಿರಬೇಕು.

ಒಂದು ಪದ ಬಿಟ್ಟುಹೋಗಿದೆ: ‘ಬಾಂಕ್’. ‘ಸುಸ್ತು’ ಎಂದು ಬರೆದರೆ ಸಾಲದು. ಸುಸ್ತಾದವನು ನಿಧಾನವಾಗಿಯಾದರೂ ತುಳಿಯುತ್ತಾನೆ. ಇದು ಮೈಯಲ್ಲಿ ಕೂಡಿಟ್ಟ ಸಕ್ಕರೆ ಬರಿದಾಗಿ ಕಣ್ಣು ಮಂಜಾಗುವುದು, ಕೈ ನಡುಗುವುದು. ಡಚ್ಚರು ‘ಹಸಿವಿನ ಪೆಟ್ಟು’ ಅನ್ನುತ್ತಾರೆ, ನಮ್ಮಲ್ಲಿ ಅದು ‘ಬವಳಿ’. ಆರು ತಾಸಿನ ರೇಸಿನಲ್ಲಿ ಗಂಟೆಗೆ 90ರಿಂದ 120 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ 30–40 ಗ್ರಾಂನಂತೆ. ಬರೀ ಗ್ಲೂಕೋಸ್ ಆದರೆ ಕರುಳು ಗಂಟೆಗೆ 60 ಗ್ರಾಂ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ, ಅದಕ್ಕೇ ಫ್ರಕ್ಟೋಸ್ ಬೆರೆಸುತ್ತಾರೆ. ಹಸಿವಾದಾಗ ತಿನ್ನೋಣ ಎಂದು ಕಾದವನಿಗೆ ಬವಳಿ ಖಂಡಿತ. ಆಮೇಲೆ ತಿಂದದ್ದು ರಕ್ತಕ್ಕೆ ಸೇರುವಷ್ಟರಲ್ಲಿ ಹಿಂಡು ಕಣ್ಮರೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಶರಣು. ವಾಕ್ಯ ಈಗ ಹೀಗಾಗಿದೆ:

“ಹಂಗಾಮಿನ ಕೊನೆಯ ಹಿರಿ ರೇಸಿನಲ್ಲಿ ಐವರು ಕಿತ್ತುಕೊಂಡು ಹೋದರು. ಒತ್ತಾಸೆಗಾರರು ಪಾಳಿಯ ಮೇಲೆ ಪಾಳಿ ಮಾಡಿ, ನಾಯಕನಿಗೆ ಗಾಳಿಮರೆ ಕೊಡುತ್ತ ಹಿಂಡನ್ನು ಎಳೆದರು. ಏರಿನ ಬುಡದಲ್ಲಿ ಮುಂಗುಂಪು ಸಿಕ್ಕಿಬಿತ್ತು.”

‘ಗ್ರುಪ್ಪೆಟ್ಟೊ’ಗೆ ಪದ ಕೇಳಬೇಕೆಂದಿದ್ದೆ. ಅದು ಹಲವು ದಿನಗಳ ರೇಸಿನಲ್ಲಿ, ಸಮಯದ ಮಿತಿಯೊಳಗೆ ಮುಟ್ಟಿದರೆ ಸಾಕೆಂದು ಹಿಂದುಳಿದವರು ಕೂಡಿ ಬರುವುದು. ಏಕದಿನ ರೇಸಿನಲ್ಲಿ ನಾಳೆ ಎಂಬುದಿಲ್ಲ, ಸೋತವರು ಇಳಿದುಬಿಡುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಕಿಗಾಲಿಯ ವಿಶ್ವ ಚಾಂಪಿಯನ್‌ಷಿಪ್‌ನ 267.5 ಕಿ.ಮೀ. ಪೂರೈಸಿದ ಪುರುಷರು 30 ಮಂದಿ ಮಾತ್ರ. ಹಾಗಾಗಿ ಈ ಕೈಪಿಡಿಗೆ ಆ ಪದ ಬೇಕಿಲ್ಲ.

ಹೆಣ್ಣುಮಕ್ಕಳ ರೇಸಿನ ಪುಟಗಳಿಗೆ ‘ಒತ್ತಾಸೆಗಾರ್ತಿ’, ‘ಮರೆಗಳ್ಳಿ’ ಎಂದು ಹಾಕಿದ್ದೇನೆ. ಮೈಗಳ್ಳಿ ಇರುವುದರಿಂದ ಎರಡನೆಯದಕ್ಕೆ ಅನುಮಾನವಿಲ್ಲ. ಮೊದಲನೆಯದು ಯಾರಿಗಾದರೂ ಬಾಯಿಗೆ ತೊಡಕಾದರೆ ಈ ವಾರದೊಳಗೆ ತಿಳಿಸಿ, ಆಮೇಲೆ ಅಚ್ಚಿಗೆ ಹೋಗುತ್ತದೆ.