ಸಹಾಯ ಬೇಕು: ಮದುವೆ ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ತಂಗಿ ಮದುವೆಗೆ 600 ಕಾರ್ಡ್ ಹಾಕಿಸುತ್ತಿದ್ದೇವೆ. ಛತ್ರದ ದಾರಿ ತೋರಿಸೋಕೆ ಮೂಲೆಯಲ್ಲಿ ಕ್ಯೂಆರ್ ಕೋಡ್ ಇಟ್ಟಿದ್ದೇವೆ. ಕಂಪ್ಯೂಟರ್ ಪರದೆ ಮೇಲೆ ತಕ್ಷಣ ಸ್ಕ್ಯಾನ್ ಆಗುತ್ತದೆ. ಪ್ರೆಸ್‌ನಿಂದ ಬಂದ ಮಾದರಿ ಕಾರ್ಡಿನಲ್ಲಿ ಮಾತ್ರ ಆಗುತ್ತಿಲ್ಲ.

ಕಾರ್ಡ್ ಕುಂಕುಮ ಬಣ್ಣ, ಕೋಡ್ ಚಿನ್ನದ ಬಣ್ಣದ ಫಾಯಿಲ್‌ನಲ್ಲಿದೆ. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಫಾಯಿಲ್ ಮಿಂಚಿ ಅರ್ಧ ಚೌಕಗಳು ಕಾಣೋದೇ ಇಲ್ಲ. ಬಳ್ಳಿ ಡಿಸೈನ್ ಬೇರೆ ಕೋಡಿನ ಅಂಚಿಗೇ ತಾಗಿದೆ. ನಾಲ್ಕೈದು ಸಲ ಓರೆ ಮಾಡಿದ ಮೇಲೆ ನನ್ನ ಫೋನ್ ಹಿಡಿಯಿತು. ಅಪ್ಪನ ಹಳೇ ಫೋನ್ ಹಿಡಿಯಲೇ ಇಲ್ಲ. ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವ ಹಿರಿಯರಿಗೇ ಇದು ಜಾಸ್ತಿ ಬೇಕಾಗಿರೋದು, ಅಲ್ವಾ?

ಲಿಂಕ್ ಚಿಕ್ಕದು ಮಾಡಿದೆ. 1.5 ಸೆಂ.ಮೀ. ಇದ್ದದ್ದನ್ನು 2 ಸೆಂ.ಮೀ. ಮಾಡಿಸಿದೆ. ಎರರ್ ಕರೆಕ್ಷನ್ (ಕೋಡ್ ಸ್ವಲ್ಪ ಹಾಳಾದರೂ ಓದಿಸುವ ವ್ಯವಸ್ಥೆ) ಎಂ ಲೆವೆಲ್‌ನಿಂದ ಅದಕ್ಕಿಂತ ಹೆಚ್ಚಿನ ಎಚ್‌ಗೆ ಏರಿಸಿದೆ. ಎಚ್‌ನಲ್ಲಿ ಸುಮಾರು 30% ಹಾಳಾದರೂ ಓದುತ್ತದೆ, ನಿಜ. ಆದರೆ ಚೌಕಗಳು ಜಾಸ್ತಿಯಾಗಿ ಒಂದೊಂದೂ ಇನ್ನೂ ಸಣ್ಣದಾಯಿತು. ಇಲ್ಲೇ ನನಗೆ ಗೊಂದಲ.

ನಾಳಿದ್ದು ಅಚ್ಚಿಗೆ ಕೊಡಬೇಕು. 2 ಸೆಂ.ಮೀ. ಒಳಗೆ ಎಂ ಇಡೋದಾ, ಎಚ್ ಇಡೋದಾ? ಸುತ್ತ ನಾಲ್ಕು ಚೌಕದಷ್ಟು ಜಾಗ ಖಾಲಿ ಬಿಟ್ಟರೆ ಫಾಯಿಲ್ ಉಳಿಸಿಕೊಳ್ಳಬಹುದಾ, ಇಲ್ಲ ಬಿಳಿ ಜಾಗ ಬಿಡಿಸಿ ಕಪ್ಪಲ್ಲೇ ಹಾಕಿಸಬೇಕಾ? ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.