ಕಂಚೋ ಗೋಡೆಯೋ: ಫಿಲಡೆಲ್ಫಿಯಾದ ಎರಡು ಫೋಟೋ ಮೇಲೆ ಬ್ಯಾಚ್ ಗುಂಪಿನ ವಾದ

ಪ್ರಕಾಶ: (ಎರಡು ಫೋಟೋ) ಮೊದಲನೇದು ಅಮೆರಿಕದ ಫಿಲಡೆಲ್ಫಿಯಾ ಸಿಟಿ ಹಾಲ್ ಮುಂದಿನ ಪ್ರತಿಮೆ, 2017ರದ್ದು. ಕಪ್ಪು ಜನರ ಮತದ ಹಕ್ಕಿಗೆ ಹೋರಾಡಿದ ಆಕ್ಟೇವಿಯಸ್ ಕ್ಯಾಟೊನದ್ದು. ಎರಡನೇದು ಅದೇ ಊರಿನ ಸ್ಟ್ರಾಬೆರಿ ಮ್ಯಾನ್ಷನ್ ಬಡಾವಣೆಯಲ್ಲಿದ್ದ, ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಮ್ಯೂರಲ್, ಅಂದ್ರೆ ಗೋಡೆ ಚಿತ್ರ. 2014ರಲ್ಲಿ ಗೋಡೆ ಸಮೇತ ಕೆಡವಿದರು. ಊರು ಮರೆತ ಕಪ್ಪು ಜನರ ಚರಿತ್ರೆಯನ್ನ ನೆನಪಿಸೋಕೆ ಅಂತ ಬರೆದದ್ದೇ ಹೀಗೆ ಹೋಗೋದಾದ್ರೆ ಏನು ಬಂತು? ಗೌರವ ಕೊಡಬೇಕು ಅಂದ್ರೆ ಕಂಚಲ್ಲಿ ಕೊಡಿ.

ಸವಿತಾ: ಪ್ರಕಾಶ, ಕ್ಯಾಟೊ ಸತ್ತಿದ್ದು 1871ರ ಅಕ್ಟೋಬರ್ 10, ಚುನಾವಣೆ ದಿನ. ಸೌತ್ ಸ್ಟ್ರೀಟ್‌ನಲ್ಲಿ, ಮನೆ ಹತ್ತಿರಾನೇ ಗುಂಡು ಹೊಡೆದರು. ವಯಸ್ಸು 32. ಪ್ರತಿಮೆ ನಿಂತಿದ್ದು 146 ವರ್ಷ ಆದ್ಮೇಲೆ. ಕಂಚಿಗೋಸ್ಕರ ಕಾದಿದ್ರೆ ಆ ಊರಿನ ಮಕ್ಕಳಿಗೆ ಅವನ ಮುಖ ಯಾವಾಗ ಕಾಣ್ತಿತ್ತು? ಪ್ರತಿಮೆಗೆ ಮುಂಚೇನೇ ಅಲ್ಲಿ ಅವನ ಮ್ಯೂರಲ್ ಇತ್ತು.

ಪ್ರಕಾಶ: ಇರಲಿ. ಆದ್ರೆ ಸಿಟಿ ಹಾಲ್ ಸುತ್ತ ನಗರದ ಜಾಗದಲ್ಲಿ ಒಬ್ಬ ಆಫ್ರಿಕನ್ ಅಮೆರಿಕನ್ ವ್ಯಕ್ತಿಗೇ ಮೀಸಲಾದ ಮೊದಲ ಸ್ಮಾರಕ ಅದು. ಬ್ರಾನ್ಲಿ ಕ್ಯಾಡೆಟ್ ಮಾಡಿದ 12 ಅಡಿ ಕಂಚು. ಎರಡೂ ಕೈ ಚಾಚಿ ಮತಪೆಟ್ಟಿಗೆ ಕಡೆ ಹೆಜ್ಜೆ ಹಾಕ್ತಿದ್ದಾನೆ. ಪೆಟ್ಟಿಗೆ ಸ್ಟೇನ್‌ಲೆಸ್ ಸ್ಟೀಲು. ಹಿಂದೆ ಐದು ಗ್ರಾನೈಟ್ ಕಂಬ, ಒಂದೊಂದೂ ತಲೆಕೆಳಗಾಗಿ ನಿಲ್ಲಿಸಿದ ಟ್ರಾಮ್ ಗಾಡಿ ಆಕಾರ. ಟ್ರಾಮಲ್ಲಿ ಕಪ್ಪು ಜನರನ್ನ ಹತ್ತಿಸಿಕೊಳ್ಳದ ಪದ್ಧತಿ ವಿರುದ್ಧ ಹೋರಾಡಿ 1867ರಲ್ಲಿ ಕಾನೂನು ತಂದವರಲ್ಲಿ ಅವನೂ ಒಬ್ಬ. ಇಷ್ಟು ವಿಷಯವನ್ನ ಗೋಡೆ ಮೇಲೆ ಬಣ್ಣದಲ್ಲಿ ಈ ತೂಕದಲ್ಲಿ ಹೇಳೋಕಾಗುತ್ತಾ?

ಶೈಲಜಾ ಮೇಡಂ: ಆ ಕಾನೂನು ಬಂದ ಕೆಲವೇ ದಿನಕ್ಕೆ ಟ್ರಾಮ್ ಹತ್ತೋಕೆ ಹೋಗಿ, ಕಂಡಕ್ಟರ್ ಹತ್ತಿಸಿಕೊಳ್ಳದಿದ್ದಾಗ ಕೇಸು ಹಾಕಿ ಅವನಿಗೆ 100 ಡಾಲರ್ ದಂಡ ಹಾಕಿಸಿದವಳು ಕ್ಯಾರೊಲಿನ್ ಲೆಕೌಂಟ್. ಶಾಲಾ ಶಿಕ್ಷಕಿ, ಕ್ಯಾಟೊನನ್ನ ಮದುವೆಯಾಗಬೇಕಿದ್ದವಳು. ಐದು ಕಂಬದ ಕಥೆ ಹೇಳುವಾಗ ಅವಳ ಹೆಸರೂ ಹೇಳಪ್ಪ ಪ್ರಕಾಶ.

ಪ್ರಕಾಶ: ಒಪ್ಪಿದೆ ಮೇಡಂ.

ಸವಿತಾ: ಗೋಡೆ ಅಂದ್ರೆ ಗೋಡೆ ಮೇಲೇ ನಿಂತು ಬರೆಯೋದು ಅಂದ್ಕೊಂಡಿದ್ದೀಯ. ಫಿಲಡೆಲ್ಫಿಯಾದಲ್ಲಿ ಮ್ಯೂರಲ್ ಕೆಲಸ 1984ರಲ್ಲಿ ಗೋಡೆ ಗೀಚೋ ಹುಡುಗರನ್ನ ಸೇರಿಸಿಕೊಂಡು ಶುರುವಾಯ್ತು, ಜೇನ್ ಗೋಲ್ಡನ್ ನೇತೃತ್ವದಲ್ಲಿ. ಈಗ ಬಹಳಷ್ಟನ್ನ ಬಟ್ಟೆ ಮೇಲೆ ಬರೀತಾರೆ. ಪ್ಯಾರಾಶೂಟ್ ಬಟ್ಟೆ ಅಂತಾರೆ, ನೇಯದ ತೆಳು ಪಾಲಿಯೆಸ್ಟರ್. 5 ಅಡಿ ಚೌಕ ತುಂಡುಗಳು. 30 ಅಡಿ ಎತ್ತರ, 40 ಅಡಿ ಅಗಲದ ಗೋಡೆಗೆ 48 ತುಂಡು ಬೇಕು. ಕಲಾವಿದರು ಗೆರೆ ಹಾಕಿ ಪ್ರತಿ ಜಾಗಕ್ಕೂ ಬಣ್ಣದ ನಂಬರ್ ಬರೀತಾರೆ. ತುಂಡುಗಳು ಶಾಲೆಗೆ, ಸಮುದಾಯ ಭವನಕ್ಕೆ, ಗ್ರೇಟರ್‌ಫರ್ಡ್ ಜೈಲಿಗೂ ಹೋಗಿವೆ. ಏಣಿ ಹತ್ತಲಾರದ ಅಜ್ಜಿ ಮೇಜಿನ ಮುಂದೆ ಕೂತು 14ನೇ ನಂಬರ್ ಕಂದು ತುಂಬಬಹುದು. ಚಳಿಗಾಲ ಪೂರ್ತಿ ಒಳಗೆ ಕೆಲಸ ಸಾಗುತ್ತೆ.

ಅಂಟಿಸೋದೇ ಕಷ್ಟದ ಭಾಗ. ಗೋಡೆ ತೊಳೆದು, ಇಟ್ಟಿಗೆ ಸಂದು ಸರಿ ಮಾಡಿ, ಪ್ರೈಮರ್ ಹೊಡೆದು ಒಣಗಿಸಬೇಕು. ಗೋಡೆಗೆ ಅಕ್ರಿಲಿಕ್ ಜೆಲ್ ಬಳಿದು ತುಂಡು ಇಟ್ಟು, ಮೇಲಿಂದ ಇನ್ನೊಂದು ಕೈ ಜೆಲ್ ಹೊಡೆದು, ನಡುವಿಂದ ಅಂಚಿಗೆ ಸ್ಕ್ವೀಜಿಯಲ್ಲಿ (ರಬ್ಬರ್ ಅಂಚಿನ ಹಿಡಿ) ಗಾಳಿ ತಳ್ಳಬೇಕು. ಒಂದು ಗುಳ್ಳೆ ಉಳಿದರೂ ಬಿಸಿಲಿಗೆ ಉಬ್ಬಿ ಬಟ್ಟೆ ಹರಿಯುತ್ತೆ. ತಾಪಮಾನ 10 ಡಿಗ್ರಿಗಿಂತ ಕೆಳಗಿದ್ರೆ ಜೆಲ್ ಸರಿಯಾಗಿ ಪದರ ಕಟ್ಟಲ್ಲ, ಪುಡಿಯಾಗುತ್ತೆ. ಕೊನೆಗೆ ಜೋಡಣೆ ಗೆರೆ ಮೇಲೆ ಬಣ್ಣ ತಿದ್ದಿ, ವಾರ್ನಿಶ್.

ಪ್ರಕಾಶ: ಇಷ್ಟೆಲ್ಲ ಮಾಡಿದ್ರೂ ಕೋಲ್ಟ್ರೇನ್ ಉಳೀಲಿಲ್ಲ.

ಮಂಜುನಾಥ: ಅದು ಬಣ್ಣದ ತಪ್ಪಲ್ಲ ಕಣೋ, ಜಾಗದ ತಪ್ಪು. ಆ ಊರಲ್ಲಿ ಸಾಲು ಮನೆಗಳು, ಎರಡು ಮನೆಗೆ ನಡುವೆ ಒಂದೇ ಗೋಡೆ. ಪಕ್ಕದ ಮನೆ ಬಿದ್ದುಹೋದಾಗ ಆ ನಡುಗೋಡೆ ಬಯಲಿಗೆ ಬರುತ್ತೆ. ಮಳೆ ತಡೆಯೋಕೆ ಕಟ್ಟಿದ ಗೋಡೆ ಅಲ್ಲ ಅದು. ಗಾರೆ ಮೆತ್ತಿ ಬಿಡ್ತಾರೆ. ಪಕ್ಕದಲ್ಲಿ ಖಾಲಿ ಸೈಟು, ದೂರದಿಂದ ಚೆನ್ನಾಗಿ ಕಾಣುತ್ತೆ, ಮ್ಯೂರಲ್‌ಗೆ ಹೇಳಿ ಮಾಡಿಸಿದ ಜಾಗ ಅನ್ಸುತ್ತೆ. ಬಡಾವಣೆಗೆ ಬೆಲೆ ಬಂದ ಕೂಡಲೇ ಆ ಸೈಟಲ್ಲಿ ಮನೆ ಏಳುತ್ತೆ, ಚಿತ್ರ ಮುಚ್ಚಿಹೋಗುತ್ತೆ. ಇಲ್ಲಾ ಚಿತ್ರ ಇರೋ ಕಟ್ಟಡವೇ ಬೀಳುತ್ತೆ. ಕಪ್ಪು ಜನರ ಬಡಾವಣೆಗಳಲ್ಲೇ ಖಾಲಿ ಸೈಟು ಹೆಚ್ಚಿದ್ದದ್ದು, ಹಾಗಾಗಿ ಅವರ ಚಿತ್ರಗಳಿಗೇ ಈ ಗತಿ ಬರುತ್ತೆ. ಇದು ನನಗೆ ನಿಜಕ್ಕೂ ಅನ್ಯಾಯ ಅನ್ಸುತ್ತೆ.

ನೀರು ಬರೋದೂ ಮೇಲಿಂದಾನೇ. ಪ್ಯಾರಾಪೆಟ್ ತಲೆ ಮೇಲಿನ ಹಾಸುಗಲ್ಲು ಸೀಳಿದ್ರೆ ನೀರು ಗೋಡೆ ಒಳಗೆ ಇಳಿದು, ಬಣ್ಣದ ಹಿಂದೆ ಬಿಳಿ ಉಪ್ಪು ಕಟ್ಟುತ್ತೆ. ಅಕ್ರಿಲಿಕ್ ಪದರ ಉಸಿರಾಡೋದು ಕಮ್ಮಿ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಗಾರೆ ಚಕ್ಕೆಚಕ್ಕೆಯಾಗಿ ಕಳಚುತ್ತೆ.

ಪ್ರಕಾಶ: ಅಲ್ಲಿ ಕಾನೂನು ಏನೂ ಇಲ್ವಾ?

ಮಂಜುನಾಥ: 1990ರದ್ದು ಇದೆ, ದೃಶ್ಯ ಕಲಾವಿದರ ಹಕ್ಕಿನ ಕಾಯಿದೆ. ಕೃತಿ ಹಾಳಾಗದೆ ಕಿತ್ತು ತೆಗೆಯೋಕಾಗೋದಾದ್ರೆ ಮಾಲೀಕ 90 ದಿನದ ನೋಟಿಸ್ ಕೊಡಬೇಕು. ನ್ಯೂಯಾರ್ಕಿನ 5ಪಾಯಿಂಟ್ಸ್ ಅನ್ನೋ ಗ್ರಾಫಿಟಿ ಚಿತ್ರಗಳ ಕಟ್ಟಡದಲ್ಲಿ 45 ಚಿತ್ರಕ್ಕೆ ರಾತ್ರೋರಾತ್ರಿ ಸುಣ್ಣ ಬಳಿಸಿದ ಮಾಲೀಕನಿಗೆ 2018ರಲ್ಲಿ 67.5 ಲಕ್ಷ ಡಾಲರ್ ಬಿತ್ತು. ಆದ್ರೆ ಆ ಹಕ್ಕು ಕಲಾವಿದನದ್ದು, ಬಡಾವಣೆ ಜನರದ್ದಲ್ಲ. ಅವನು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ರೆ ಮುಗೀತು.

ಸವಿತಾ: ಅಲ್ಲಿಯವರು ಸುಮ್ಮನೆ ಕೂರಲಿಲ್ಲ ಅನ್ನೋದನ್ನ ಬಿಡಬೇಡಿ. 2017ರಲ್ಲಿ ಅದೇ ಬಡಾವಣೆಯಲ್ಲಿ ಅರ್ನೆಲ್ ಮಾರ್ಟಿನೆಜ್ ಹೊಸ ಕೋಲ್ಟ್ರೇನ್ ಮ್ಯೂರಲ್ ಮಾಡಿದರು. ಕಂಚಿನ ಪ್ರತಿಮೆಯಾಗಿದ್ರೆ ಮೂರು ವರ್ಷದಲ್ಲಿ ವಾಪಸ್ ಬರ್ತಿತ್ತಾ?

ಪ್ರಕಾಶ: ಬರ್ತಿರಲಿಲ್ಲ. ಆದ್ರೆ ಹೋಗ್ತಾನೂ ಇರಲಿಲ್ಲ! ಕಂಚಿಗೂ ಕಾಯಿಲೆ ಇದೆ, ಮುಚ್ಚಿಡಲ್ಲ. 12 ಅಡಿ ಪ್ರತಿಮೆಯನ್ನ ಒಂದೇ ಎರಕದಲ್ಲಿ ಹೊಯ್ಯಲ್ಲ. ತುಂಡು ಮಾಡಿ, ಸುಮಾರು 5-6 ಮಿಮೀ ದಪ್ಪದ ಮೇಣದ ಪ್ರತಿ ಮಾಡಿ, ಸೆರಾಮಿಕ್ ಕವಚ ಪದರ ಪದರವಾಗಿ ಕಟ್ಟಿ, ಮೇಣ ಕರಗಿಸಿ, ಕವಚ ಸುಟ್ಟು, ಸುಮಾರು 1100 ಡಿಗ್ರಿಯಲ್ಲಿ ಹೊಯ್ಯೋದು. ಕವಚದಲ್ಲಿ ತೇವ ಉಳಿದ್ರೆ ಎರಕದಲ್ಲಿ ತೂತು ಬೀಳುತ್ತೆ. ಬೆಸುಗೆ ಕಡ್ಡಿ ಬೇರೆ ಮಿಶ್ರಲೋಹದ್ದಾದ್ರೆ ಎಷ್ಟೇ ಬಣ್ಣ ಕಟ್ಟಿದ್ರೂ ಗೆರೆ ಎದ್ದು ಕಾಣುತ್ತೆ. ಒಳಗಿನ ಚೌಕಟ್ಟಿಗೆ ಸ್ಟೇನ್‌ಲೆಸ್ ಬಿಟ್ಟು ಸಾದಾ ಕಬ್ಬಿಣ ಹಾಕಿದ್ರೆ ಕಂಚಿನ ಪಕ್ಕ ಅದು ಬೇಗ ತುಕ್ಕು ಹಿಡಿಯುತ್ತೆ. ಪಾದದ ಹತ್ತಿರ ನೀರು ಹರಿಯೋಕೆ ತೂತು ಬೇಕೇ ಬೇಕು. ವರ್ಷಕ್ಕೊಂದು ಸಲ ತೊಳೆದು ಮೇಣ ಹಚ್ಚಬೇಕು. ಇಷ್ಟು ಮಾಡಿದ್ರೆ ನೂರಾರು ವರ್ಷ.

ಗಣಪತಿ (ಯಲ್ಲಾಪುರ): ನೀವಿಬ್ಬರೂ ಅಮೆರಿಕದಲ್ಲೇ ಇದ್ದೀರಿ ಮಾರಾಯ್ರೇ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದು ತಪ್ಪಿಸಿಕೊಂಡು ಕಾಡು ಸೇರಿದ ಆಫ್ರಿಕನ್ನರ ಸಂತತಿ. ಅವರದ್ದು ಅಂತ ಒಂದು ಗೋಡೆ ಇಲ್ಲಿ ಬೇಡವೋ? ಸವಿತಾ, ನಿನ್ನ ಬಟ್ಟೆ ನಮ್ಮ ಮಳೆಗೆ ತಡೀತದಾ?

ಸವಿತಾ: ಗೋಡೆಗೆ ನೇರ ಅಂಟಿಸಿದ್ರೆ ತಡೆಯಲ್ಲ ಗಣಪತಿ. ಬುಡದಿಂದ ತೇವ ಏರುತ್ತೆ, ನಾಲ್ಕು ತಿಂಗಳು ಗೋಡೆ ಒಣಗೋದೇ ಇಲ್ಲ, ಹಿಂದೆ ಬೂಷ್ಟು ಬರುತ್ತೆ.

ಮಂಜುನಾಥ: ಪ್ಯಾನೆಲ್ ಮಾಡಿ. 10-12 ಮಿಮೀ ಸಿಮೆಂಟ್ ಫೈಬರ್ ಹಲಗೆ, ಆರೂ ಮುಖಕ್ಕೆ ಸೀಲರ್, ಕತ್ತರಿಸಿದ ಅಂಚಿಗೆ ಎರಡು ಸಲ. ನೀರು ಕುಡಿಯೋದು ಅಂಚಿಂದಾನೇ. ಅದರ ಮೇಲೆ ಬಟ್ಟೆ. ಅಲ್ಯೂಮಿನಿಯಂ ಚೌಕಟ್ಟು, ಸ್ಟೇನ್‌ಲೆಸ್ ಸ್ಕ್ರೂ, ಗೋಡೆಯಿಂದ 2 ಇಂಚು ಬಿಟ್ಟು. ನೆಲದಿಂದ ಎರಡಡಿ ಮೇಲೆ, ಯಾಕಂದ್ರೆ ಸೂರಿನ ನೀರು ಬಿದ್ದು ಕೆಸರು ಹಾರುತ್ತೆ. ಮೇಲೆ ಒಂದೂವರೆ ಅಡಿ ತಗಡಿನ ಸೂರು. ಕಟ್ಟಡ ಕೆಡವೋ ದಿನ ಬಂದ್ರೆ ಸ್ಕ್ರೂ ಬಿಚ್ಚಿ ಬೇರೆ ಕಡೆ ಒಯ್ಯಬಹುದು. ಕೋಲ್ಟ್ರೇನ್‌ಗೆ ಆಗದಿದ್ದದ್ದು ಅದೇ.

ಪ್ರಕಾಶ: ಕಳಚೋಕಾಗೋದಾದ್ರೆ ನನ್ನ ತಕರಾರು ಅರ್ಧ ಕಮ್ಮಿ. ಇನ್ನರ್ಧ ಹಾಗೇ ಇದೆ: ಕೆಂಪು, ಹಳದಿ ಮೊದಲು ಮಾಸುತ್ತೆ.

ಸವಿತಾ: ಅಗ್ಗದ ಕೆಂಪು ಮಾಸುತ್ತೆ. ಕೆಮ್ಮಣ್ಣು, ಹಳದಿ ಮಣ್ಣಿನ ಐರನ್ ಆಕ್ಸೈಡ್ ತಗೊಂಡ್ರೆ ಬಿಸಿಲಿಗೆ ಜಗ್ಗಲ್ಲ. ಗಾಢ ಕೆಂಪಿಗೆ ಕ್ವಿನಾಕ್ರಿಡೋನ್ ಅನ್ನೋ ಕೃತಕ ಬಣ್ಣ.

ಶೈಲಜಾ ಮೇಡಂ: ಏನು ಬರೀತೀರಿ ಅನ್ನೋದನ್ನ ಯಾರೂ ಕೇಳಲಿಲ್ಲ. ಸಿದ್ದಿ ಅಂದ ಕೂಡಲೇ ಡಮಾಮಿ ಬಾರಿಸಿ ಕುಣಿಯೋ ಚಿತ್ರ ಬರೆದು ಕೈತೊಳ್ಕೊಳ್ಳೋದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಕ್ಯಾಟೊ ಬೇಸ್‌ಬಾಲ್ ಆಟಗಾರನೂ ಹೌದು, ಪಿಥಿಯನ್ ತಂಡ ಕಟ್ಟಿದವರಲ್ಲೊಬ್ಬ. ಆದರೂ ಅವನನ್ನ ನಿಲ್ಲಿಸಿದ್ದು ಮತಪೆಟ್ಟಿಗೆ ಮುಂದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು ಹೋರಾಟದಿಂದ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಕೌದಿ ಹೊಲಿಯೋ ಹೆಂಗಸರಿದ್ದಾರೆ, ಬಣ್ಣ ಜೋಡಿಸೋದರಲ್ಲಿ ನಿಮಗಿಂತ ಕಣ್ಣು ಚುರುಕು. ವಿಷಯ ಅವರೇ ಆರಿಸಲಿ, ಗೆರೆಯೂ ಅವರೆದುರೇ ಹಾಕಿ.

ಗಣಪತಿ (ಯಲ್ಲಾಪುರ): ಮೇಡಂ ಹೇಳಿದ್ದು ಸರಿ. ಮೊದಲು ಊರವರ ಸಭೆ ಕರೀಬೇಕು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಕಡೆಯ ಸಿದ್ದಿಗಳು ಕೂರಬೇಕು. ಒಂದೇ ಕೇರಿಯವರನ್ನ ಕೇಳಿ ಬರೆದರೆ ಉಳಿದವರು ಅದನ್ನ ತಮ್ಮದು ಅನ್ನುವುದಿಲ್ಲ.

ಪ್ರಕಾಶ: ಜಾಗ ಯಾರದ್ದು, ಪ್ಯಾನೆಲ್ ಯಾರ ಹೆಸರಲ್ಲಿರುತ್ತೆ, ವರ್ಷಾವರ್ಷ ತೊಳೆಯೋ ದುಡ್ಡು ಯಾರು ಕೊಡ್ತಾರೆ, ಈ ಮೂರು ಕಾಗದದ ಮೇಲೆ ಬರೋವರೆಗೂ ನಾನು ಹೂಂ ಅನ್ನಲ್ಲ.

ಮಂಜುನಾಥ: ಅದು ನ್ಯಾಯ. ಸಭೆ ನಡೆಯೋ ಹೊತ್ತಿಗೆ 2 ಅಡಿ ಚೌಕದ ಎರಡು ಸ್ಯಾಂಪಲ್ ಮಾಡಿಡೋಣ. ಒಂದಕ್ಕೆ ಬಟ್ಟೆ, ಇನ್ನೊಂದಕ್ಕೆ ನೇರ ಬಣ್ಣ. ಮೇ ಕೊನೆಗೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿ ಗಣಪತಿ, ಸೂರು ಹಾಕಬೇಡಿ. ಅಕ್ಟೋಬರಲ್ಲಿ ಅಂಚು ಬ್ಲೇಡಲ್ಲಿ ಎತ್ತಿ ನೋಡಿ ಫೋಟೋ ಹಾಕಿ.

ಗಣಪತಿ (ಯಲ್ಲಾಪುರ): ಹಲಗೆ ಹುಬ್ಬಳ್ಳಿಯಿಂದ ತರಿಸ್ತೆ. ಸೀಲರ್ ಯಾವುದು ಅಂತ ಬರ್ದು ಕಳ್ಸು.